ನಲವತ್ತೊಂಬತ್ತನೇ ದಿನಕ್ಕೆ ಬಿಳಿ ತಾರಾದೇವಿ

ಲ್ಹಾಸಾ
ಭೂಮಿ-ಇಲಿ ವರ್ಷ, ಎಂಟನೇ ತಿಂಗಳು, ಒಂಬತ್ತನೇ ದಿನ

ಗ್ಯಾಂಟ್ಸೆಯಲ್ಲಿರುವ ಮಗಳು ಯುಡೋನ್‌ಗೆ,

ನಿನ್ನ ತಾಯಿ ಈ ತಿಂಗಳ ಮೂರನೇ ದಿನ ಬೆಳಗ್ಗೆ ತೀರಿಕೊಂಡಳು. ಹದಿನೈದು ದಿನದಿಂದ ಕೆಮ್ಮಿತ್ತು. ಚಳಿ ಶುರುವಾದಾಗ ಬರುವ ಮಾಮೂಲಿ ಕೆಮ್ಮು ಎಂದುಕೊಂಡಿದ್ದೆವು. ಆರನೇ ದಿನ ದೇಹವನ್ನು ಬೆಟ್ಟದ ಮೇಲೆ ಹದ್ದುಗಳಿಗೆ ಒಪ್ಪಿಸಿದೆವು. ಹದ್ದುಗಳು ತಡಮಾಡದೆ ಇಳಿದವು, ಏನೂ ಉಳಿಸಲಿಲ್ಲ. ಒಳ್ಳೆಯ ಲಕ್ಷಣ ಎಂದು ಜೊತೆಗೆ ಬಂದವರು ಹೇಳಿದರು.

ಜ್ಯೋತಿಷಿಗಳು ಅವಳು ಹೋದ ಗಳಿಗೆ ನೋಡಿ, ಬಿಳಿ ತಾರಾದೇವಿಯ ಪಟ ಮಾಡಿಸಬೇಕು ಎಂದಿದ್ದಾರೆ. ಬಣ್ಣದಲ್ಲಿ ಬರೆದದ್ದಲ್ಲ, ರೇಷ್ಮೆಯಲ್ಲಿ ಹೊಲಿದದ್ದು. ನಲವತ್ತೊಂಬತ್ತನೇ ದಿನಕ್ಕೆ, ಅಂದರೆ ಮುಂದಿನ ತಿಂಗಳ ಇಪ್ಪತ್ತೊಂದಕ್ಕೆ, ಲಾಮಾ ಬಂದು ದೇವಿಯ ಕಣ್ಣು ತೆರೆಸುತ್ತಾರೆ. ಆ ದಿನ ದಾಟಿದ ಮೇಲೆ ಮಾಡಿದರೆ ಗೋಡೆಗೆ ಚೆಂದ ಅಷ್ಟೇ, ಹೋದವಳಿಗೆ ದಾರಿ ತೋರಿಸುವುದಿಲ್ಲ. ಮೂವತ್ತೆಂಟು ವರ್ಷ ದೇವರ ಪಟ ಹೊಲಿದವನ ಹೆಂಡತಿ ಅವಳು. ಬೇರೆಯವರ ಕೈಗೆ ಕೊಡುವ ಮಾತೇ ಇಲ್ಲ. ನಿನ್ನ ಅಣ್ಣ ವಾಂಗ್ದು ಬಟ್ಟೆ ಕತ್ತರಿಸಿ ಆಗಿದೆ.

ನಿನ್ನಿಂದ ಒಂದು ಕೆಲಸ ಆಗಬೇಕು. ಕುದುರೆ ಬಾಲದ ಕೂದಲಿಗೆ ರೇಷ್ಮೆ ಸುತ್ತಿದ ಹುರಿ ಬೇಕು. ಬಿಳಿಯದು ಎರಡು ಮೊಳ, ಕಪ್ಪು ಒಂದು ಗೇಣು, ಕೆಂಪು ಮುಕ್ಕಾಲು ಗೇಣು. ನಾಲ್ಕು ಕೂದಲಿಗಿಂತ ದಪ್ಪ ಇರಬಾರದು. ಸುತ್ತು ಒಂದರ ಪಕ್ಕ ಒಂದು ಕೂತಿರಬೇಕು, ನಡುವೆ ಕೂದಲು ಇಣುಕಬಾರದು. ಇಲ್ಲಿ ಅಷ್ಟು ಸಣ್ಣಗೆ ಸುತ್ತುವವರು ಯಾರೂ ಉಳಿದಿಲ್ಲ. ಅಂಚೆಯವನ ಕೈಯಲ್ಲೇ ಕಳಿಸು.

ನೀನು ಮನೆ ಬಿಟ್ಟು ಹೋಗಿ ಹನ್ನೊಂದು ವರ್ಷವಾಯಿತು. ಬೇರೆ ಬರೆಯುವುದು ಏನಿಲ್ಲ.

ರಬ್ಗ್ಯೆ


ಗ್ಯಾಂಟ್ಸೆ
ಎಂಟನೇ ತಿಂಗಳು, ಹದಿನೈದನೇ ದಿನ

ಪಾಲಾ ಅವರಿಗೆ,

ಆಮಾಲಾ ಸತ್ತಳು ಎಂದು ಒಂದು ಸಾಲು, ಹುರಿ ಬೇಕು ಎಂದು ಆರು ಸಾಲು. ನಾನು ಎಣಿಸಿದೆ. ಹೆತ್ತ ತಾಯಿ ಹದಿನೈದು ದಿನ ಕೆಮ್ಮಿದಳಂತೆ, ನನಗೆ ಹೇಳಿ ಕಳಿಸಲು ಲ್ಹಾಸಾದಲ್ಲಿ ಒಂದು ನರಪಿಳ್ಳೆಯೂ ಸಿಗಲಿಲ್ಲವೇ? ವಾರಕ್ಕೆರಡು ಸಲ ಉಣ್ಣೆಯವರ ಹೇಸರಗತ್ತೆಗಳು ನಿಮ್ಮ ಬಾಗಿಲ ಮುಂದೆಯೇ ಹಾದು ಇಲ್ಲಿಗೆ ಬರುತ್ತವೆ. ಹದ್ದುಗಳಿಗೆ ಮೊದಲು ಸುದ್ದಿ, ಮಗಳಿಗೆ ಆಮೇಲೆ!

ನಿಮ್ಮ ಪತ್ರ ಬಂದಾಗ ನಾನು ಬಾರ್ಲಿ ಹುರಿಯುತ್ತಿದ್ದೆ. ಓದಿ ಮುಗಿಸುವಷ್ಟರಲ್ಲಿ ಎಲ್ಲ ಸೀದು ಹೋಯಿತು. ನನ್ನ ಗಂಡ ಫುರ್ಬು ಹೊಗೆ ನೋಡಿ ಓಡಿ ಬಂದ. ಅವನ ಎದುರು ಅಳಲಿಲ್ಲ. ಅವನು ಹೇಸರಗತ್ತೆಗಳಿಗೆ ನೀರು ತೋರಿಸಲು ಹೋದ ಮೇಲೆ ಅತ್ತೆ. ನಿಮಗೆ ಇದೆಲ್ಲ ಬೇಡ, ಗೊತ್ತು. ಆದರೂ ಬರೆಯುತ್ತಿದ್ದೇನೆ.

ಹುರಿ ಇದರ ಜೊತೆಗಿದೆ. ಪಾಲಾ, ನನ್ನನ್ನು ಏನೆಂದುಕೊಂಡಿದ್ದೀರಿ? ಮುಕ್ಕಾಲು ಗೇಣು ಕೆಂಪು ತುಟಿಗೆ. ಒಂದು ಗೇಣು ಕಪ್ಪು ಹುಬ್ಬಿಗೆ, ರೆಪ್ಪೆಗೆ. ಎರಡು ಮೊಳ ಬಿಳಿ ಗಲ್ಲದಿಂದ ಕಿವಿಯವರೆಗೆ ಎರಡು ಸುತ್ತು ಬರುತ್ತದೆ. ನೀವು ಹುರಿ ಕೇಳಿದ್ದು ಮುಖಕ್ಕೆ. ಮುಖ ಹೊಲಿಯುವವರು ಇಲ್ಲದೆ ಕೇಳಿದ್ದೀರಿ. ಇದ್ದಿದ್ದರೆ ನಿಮ್ಮ ಕೆಲಸಗಾರರು ಸುತ್ತಿದ ಹುರಿಯೇ ಸಾಕಾಗುತ್ತಿತ್ತು. ವಾಂಗ್ದು ಕೈಗೆ ಮೋಡ, ತಾವರೆ ಎಲೆ ಬರುತ್ತವೆ, ಮುಖ ಬರುವುದಿಲ್ಲ. ಅವನಿಗೂ ಗೊತ್ತು.

ನನಗೆ ಹತ್ತೊಂಬತ್ತು ವರ್ಷವಾಗಿದ್ದಾಗ ನೀವು ಜ್ವರದಲ್ಲಿ ಮಲಗಿದ್ದಿರಿ. ಮಠಕ್ಕೆ ಹೋಗಬೇಕಿದ್ದ ಭೈಷಜ್ಯಗುರು ಬುದ್ಧನ ಮುಖ ಅರ್ಧಕ್ಕೆ ನಿಂತಿತ್ತು. ನಾನು ಕೂತು ಹೊಲಿದು ಮುಗಿಸಿದೆ. ಮಠದವರು ನೋಡಿ ಕೈಮುಗಿದರು. ನೀವು ಎದ್ದು ಬಂದು, ಹೊಲಿದದ್ದು ನಾನು ಎಂದು ಗೊತ್ತಾದ ಮೇಲೆ ಏನು ಮಾಡಿದಿರಿ? ಒಂಬತ್ತು ಜನ ಕೆಲಸಗಾರರ ಎದುರು, "ಒಳಗೆ ನಾಯಿ ನುಗ್ಗಿದೆ ಕಣ್ರೋ, ಮೂಲೆಮೂಲೆಗೂ ಧೂಪ ಹಾಕಿ" ಅಂದಿರಿ. ನಾನು ಬಾಗಿಲಲ್ಲಿ ಚಹಾದ ಪಾತ್ರೆ ಹಿಡಿದು ನಿಂತಿದ್ದೆ. ಹೆಣ್ಣಿನ ಕೈ ತಾಗಿದ್ದಕ್ಕೆ ದೇವರ ಮುಖ ಬಿಚ್ಚಲಿಲ್ಲ, ಅದು ನಿಮ್ಮ ಹೆಸರಿಗೆ ಹೋಯಿತು. ಹೊಗೆ ನನಗೆ ಬಂತು.

ನಿಮಗೆ ನಾನು ಬೇಕಾಗಿದ್ದರೆ ಬಾ ಎಂದು ಬರೆಯಿರಿ. ಹುರಿಯ ನೆಪ ಬೇಡ.

ನಿಮ್ಮ ಮಗಳು,
ಯುಡೋನ್


ಲ್ಹಾಸಾ
ಎಂಟನೇ ತಿಂಗಳು, ಇಪ್ಪತ್ತೆರಡನೇ ದಿನ

ಯುಡೋನ್‌ಗೆ,

ಹುರಿ ತಲುಪಿತು. ಚೆನ್ನಾಗಿದೆ. ಕೆಂಪು ಹುರಿಯ ತುದಿಯ ಗಂಟು ಸಡಿಲ, ಮೊದಲಿನಿಂದಲೂ ನಿನ್ನದು ಅದೇ ತಪ್ಪು.

ಹಳೆಯದನ್ನೆಲ್ಲ ಕೆದಕಿದ್ದೀಯ. ಅದಕ್ಕೆ ಉತ್ತರ ಬರೆಯುತ್ತ ಕೂರುವಷ್ಟು ಪುರುಸೊತ್ತು ನನಗಿಲ್ಲ.

ಕೆಲಸ ಹೀಗಿದೆ. ತಾವರೆ ಮುಗಿಯಿತು. ಚಂದ್ರಪೀಠ ಮುಗಿಯಿತು. ವರ ಕೊಡುವ ಬಲಗೈ, ಹೂವಿನ ದಂಟು ಹಿಡಿದ ಎಡಗೈ, ಎರಡೂ ಕೂತವು. ಅಂಗೈಯ ಎರಡು ಕಣ್ಣು, ಅಂಗಾಲಿನ ಎರಡು ಕಣ್ಣು ವಾಂಗ್ದು ಹೊಲಿದ. ಏಳು ಕಣ್ಣಲ್ಲಿ ನಾಲ್ಕು ಆದವು. ಇನ್ನು ಮುಖದ ಮೂರು.

ವಾಂಗ್ದು ಒಂದು ಮುಖವನ್ನೂ ಹೊಲಿದು ಕೂರಿಸಿದ್ದಾನೆ. ಅಳತೆಯಲ್ಲಿ ತಪ್ಪಿಲ್ಲ. ಆದರೆ ಅವನು ಹೊಲಿದ ದೇವಿ, ಚಹಾಕ್ಕೆ ಉಪ್ಪು ಜಾಸ್ತಿ ಹಾಕಿದ್ದು ಯಾರು ಎಂದು ಕೇಳುವ ಹಾಗೆ ನೋಡುತ್ತಾಳೆ. ಹಾಗೆಂದು ಅವನಿಗೆ ಹೇಳಿದೆ. ಮುಖ ಗಂಟು ಹಾಕಿಕೊಂಡು ಎರಡು ದಿನದಿಂದ ಊಟಕ್ಕೆ ಬೇರೆ ಕೂರುತ್ತಿದ್ದಾನೆ. ನನ್ನ ಕೈಯಲ್ಲಿ ಆಗುತ್ತಿತ್ತು, ಈ ವರ್ಷ ಬೆರಳಿಗೆ ಚಳಿ ಬೇಗ ಹಿಡಿದಿದೆ.

ಮೊನ್ನೆ ಉಣ್ಣೆ ತಂದವರು ಸಿಕ್ಕಿದ್ದರು. ಕರೋ ಕಣಿವೆಯಲ್ಲಿ ಇನ್ನೂ ಹಿಮ ಬಿದ್ದಿಲ್ಲವಂತೆ. ದಾರಿ ಚೆನ್ನಾಗಿದೆಯಂತೆ. ಹೆಂಗಸರು ಮಕ್ಕಳು ಕೂಡ ಆರಾಮಾಗಿ ಬರುತ್ತಿದ್ದಾರೆ ಎಂದರು. ಇಲ್ಲಿ ನಿನ್ನ ತಾಯಿಯ ಹಾಸಿಗೆ ಹಾಗೆಯೇ ಇದೆ, ಇನ್ನೂ ಸುತ್ತಿ ಇಟ್ಟಿಲ್ಲ.

ರಬ್ಗ್ಯೆ


ಗ್ಯಾಂಟ್ಸೆ
ಎಂಟನೇ ತಿಂಗಳು, ಇಪ್ಪತ್ತೊಂಬತ್ತನೇ ದಿನ

ಪಾಲಾ ಅವರಿಗೆ,

ದಾರಿ ಚೆನ್ನಾಗಿದೆಯಂತೆ! ಹಿಮ ಬಿದ್ದಿಲ್ಲವಂತೆ! ಗ್ಯಾಂಟ್ಸೆಯಲ್ಲಿ ಕೂತವಳಿಗೆ ಕರೋ ಕಣಿವೆಯ ಸುದ್ದಿಯನ್ನು ಲ್ಹಾಸಾದಿಂದ ಬರೆದು ತಿಳಿಸಿದ್ದೀರಿ. ಆ ಕಣಿವೆ ನಮ್ಮ ಹಿತ್ತಲು, ಪಾಲಾ. ನನ್ನ ಗಂಡ ಅಲ್ಲಿಂದ ಇಳಿದು ಮೂರು ದಿನವಾಯಿತು.

ಫುರ್ಬುಗೆ ಓದಿ ಹೇಳಿದೆ. "ನಿಮ್ಮಪ್ಪ ಬಾ ಅಂತಾನೇ ಕಣೇ ಬರ್ದಿರೋದು. ಇನ್ನೆಂಗೆ ಬರೀಬೇಕು ಅವರು? ಹೇಸರಗತ್ತೆ ಖಾಲಿ ನಿಂತಿದಾವೆ, ಹತ್ತು ಹೋಗೇ ಮಾರಾಯ್ತಿ" ಅಂದ. ಅವನದು ಹೆಂಗರುಳು. ನಾನು ಹಟಮಾರಿ. ಯಾರ ಮಗಳು?

ನಿಮ್ಮ ಪತ್ರದ ಕೆಳಗೆ ಎರಡು ಬೆರಳಗಲ ಕಾಗದ ಕತ್ತರಿಸಿದ್ದೀರಿ. ಹರಿದದ್ದಲ್ಲ, ದರ್ಜಿಯ ಕತ್ತರಿ, ನೂಲು ಹಿಡಿದ ಹಾಗೆ ನೇರವಾಗಿದೆ. ಏನು ಬರೆದು ಕತ್ತರಿಸಿದಿರಿ? ಕತ್ತರಿಸುವಾಗ ಕೈ ನಡುಗಲಿಲ್ಲವಲ್ಲ, ಅಷ್ಟು ಸಾಕು ಬಿಡಿ.

ಈಗ ನಾನು ನೇರ ಹೇಳುತ್ತೇನೆ, ನಿಮ್ಮ ಹಾಗೆ ಸುತ್ತಿ ಬಳಸಿ ಅಲ್ಲ. ತಾರಾದೇವಿಯ ಮುಖ ನಾನು ಹೊಲಿದಿದ್ದೇನೆ. ನಿಮ್ಮ ಮೊದಲ ಪತ್ರ ಬಂದ ಮರುದಿನ ಶುರು ಮಾಡಿದೆ, ನಿನ್ನೆ ಮುಗಿಯಿತು. ನೀವು ಕೇಳಿದ ಹುರಿಯ ಉದ್ದದಿಂದಲೇ ಮುಖದ ಅಗಲ ಲೆಕ್ಕ ಹಾಕಿದೆ. ಬಿಳಿ ರೇಷ್ಮೆ ಫುರ್ಬು ಫಾರಿಯಿಂದ ತಂದದ್ದು, ಹೊಸ ವರ್ಷಕ್ಕೆ ರವಿಕೆಗೆಂದು ಇಟ್ಟುಕೊಂಡಿದ್ದೆ. ಮೂರು ಪದರ. ರೆಪ್ಪೆಗೆ ಎರಡೇ ಕೂದಲಿನ ಹುರಿ. ಆಮಾಲಾ ಹೇಳಿಕೊಟ್ಟ ಹಾಗೆ ಮೊದಲು ಹಣೆಯ ಕಣ್ಣು, ಆಮೇಲೆ ಉಳಿದೆರಡು. ನೀವು ಕೆಲಸದ ಮನೆಯಲ್ಲಿ ಗಂಡಸರಿಗೆ ಕಲಿಸಿದ್ದನ್ನು ಅವಳು ಬಾಗಿಲ ಸಂದಿನಲ್ಲಿ ನಿಂತು ನೋಡಿ, ಅಡುಗೆಮನೆಯಲ್ಲಿ ನನಗೆ ಕಲಿಸಿದಳು. ಹೊಲಿಯುವಾಗಲೆಲ್ಲ ಅವಳು ಪಕ್ಕದಲ್ಲಿ ಕೂತು, "ಉಸಿರು ಬಿಡ್ತಾ ಸೂಜಿ ಚುಚ್ಚು ಮಗಾ, ಹಿಡ್ಕೊಂಡು ಚುಚ್ಬೇಡ" ಎನ್ನುತ್ತಿದ್ದ ಹಾಗಿತ್ತು. ಚೆನ್ನಾಗಿ ಬಂದಿದೆ. ಸುಳ್ಳು ವಿನಯ ನನಗೆ ಬರುವುದಿಲ್ಲ.

ಅದನ್ನು ತಂದು ನಾನೇ ಕೂರಿಸುತ್ತೇನೆ. ನನಗೆ ಬೇಕಾದದ್ದು ಎರಡು. ಬಾ ಎಂದು ಬರೆಯಿರಿ. ಮುಖ ಹೊಲಿದದ್ದು ಯುಡೋನ್ ಎಂದು ಕೆಲಸಗಾರರ ಎದುರು ಹೇಳಿ. ಧೂಪದ ವಿಷಯಕ್ಕೆ ಕ್ಷಮೆ ಕೇಳಿ ಎನ್ನುತ್ತಿಲ್ಲ, ಅದನ್ನು ಹೊಟ್ಟೆಗೆ ಹಾಕಿಕೊಳ್ಳುತ್ತೇನೆ. ಮುಂದಿನ ತಿಂಗಳ ಹನ್ನೆರಡರೊಳಗೆ ನಿಮ್ಮ ಉತ್ತರ ಬಂದರೆ ಹದಿನೆಂಟಕ್ಕೆ ಲ್ಹಾಸಾದಲ್ಲಿರುತ್ತೇನೆ. ಕೂರಿಸಲು ಮೂರು ದಿನ ಸಾಕು.

ನಿಮ್ಮ ಮಗಳು,
ಯುಡೋನ್


ಲ್ಹಾಸಾ
ಒಂಬತ್ತನೇ ತಿಂಗಳು, ಐದನೇ ದಿನ

ಯುಡೋನ್‌ಗೆ,

ಮುಖ ಹೊಲಿದದ್ದು ಒಳ್ಳೆಯದಾಯಿತು. ಅಂಚೆಯವನ ಕೈಯಲ್ಲಿ ಕಳಿಸು. ಎರಡು ಮರದ ಹಲಗೆಯ ನಡುವೆ ಇಟ್ಟು ಕಟ್ಟು, ಮಡಚಬೇಡ. ವಾಂಗ್ದು ಕೂರಿಸುತ್ತಾನೆ.

ನೀನು ಬರುವುದು ಬೇಡ. ಈಗ ಮನೆ ತುಂಬ ಜನ. ದರ್ಜಿಗಳ ಸಂಘದವರು ದಿನಾ ಬಂದು ಕೂರುತ್ತಾರೆ. ನೀನು ಬಂದು ಕೆಲಸದ ಮನೆಯಲ್ಲಿ ಸೂಜಿ ಹಿಡಿದು ಕೂತರೆ ನಾನು ಅವರಿಗೆ ಏನು ಹೇಳಲಿ? ಮಠಗಳ ಕೆಲಸದಿಂದ ಈ ಮನೆಯಲ್ಲಿ ಒಲೆ ಉರಿಯುತ್ತದೆ. ನೀನು ಹೊಗೆ ಹೊಗೆ ಎಂದು ಹನ್ನೊಂದು ವರ್ಷದಿಂದ ಕಟ್ಟಿಕೊಂಡು ಕೂತಿದ್ದೀಯ. ಆ ದಿನ ಮಠದ ಮೇಲ್ವಿಚಾರಕ ಅಂಗಳದಲ್ಲಿ ಕುದುರೆ ಇಳಿಯುತ್ತಿದ್ದ. ಕೆಲಸಗಾರರು ಆಗಲೇ ಗುಸುಗುಸು ಶುರು ಮಾಡಿದ್ದರು. ಅವನ ಕಿವಿಗೆ ಬಿದ್ದಿದ್ದರೆ ಒಂಬತ್ತು ಜನರ ಮೂರು ತಿಂಗಳ ಕೆಲಸ ಬೀದಿಪಾಲು. ಬಾಯಿಗೆ ಬಂದದ್ದು ಹೇಳಿದೆ, ಹೊಗೆ ಹಾಕಿಸಿದೆ. ಮಾತು ಅಲ್ಲಿಗೇ ಮುಚ್ಚಿತು.

ಮತ್ತೆ, ಹೊಲಿದವರ ಹೆಸರು ಹೇಳುವ ಪ್ರಶ್ನೆಯೇ ಇಲ್ಲ. ದೇವರ ಪಟಕ್ಕೆ ಯಾರೂ ಹೆಸರು ಹಾಕುವುದಿಲ್ಲ. ನನ್ನ ಹೆಸರು ಹಾಕಿದ್ದು ನೋಡಿದ್ದೀಯಾ? ನನ್ನ ಅಪ್ಪನದು? ಅದು ಪದ್ಧತಿ. ನಿನಗೊಬ್ಬಳಿಗೆ ಬೇರೆ ಪದ್ಧತಿ ಮಾಡಲಾಗುವುದಿಲ್ಲ.

ಹೇಳಬಾರದು ಎಂದಿದ್ದೆ. ನಿನ್ನ ತಾಯಿ ಕೊನೆಯ ದಿನ ನಿನ್ನ ಹೆಸರು ಹಿಡಿದು ಕರೆದಳು. ಎರಡು ಸಲ. ಅವಳಿಗಾಗಿಯಾದರೂ ಕಳಿಸು.

ರಬ್ಗ್ಯೆ


ಗ್ಯಾಂಟ್ಸೆ
ಒಂಬತ್ತನೇ ತಿಂಗಳು, ಹದಿನಾರನೇ ದಿನ

ಪಾಲಾ ಅವರಿಗೆ,

ನಿಮ್ಮ ಪತ್ರ ಹತ್ತನೇ ದಿನವೇ ಬಂತು. ಆರು ದಿನ ಉತ್ತರ ಬರೆಯಲಿಲ್ಲ. ಬೇಕೆಂದೇ ಬರೆಯಲಿಲ್ಲ.

ಅವಳು ನನ್ನ ಹೆಸರು ಕರೆದದ್ದನ್ನು ಒಂದು ತಿಂಗಳು ಮಡಿಲಲ್ಲಿ ಬಚ್ಚಿಟ್ಟುಕೊಂಡಿದ್ದಿರಿ. ಮುಖ ಬೇಕಾದಾಗ ಹೊರಗೆ ತೆಗೆದಿರಿ. ಸಂತೆಯಲ್ಲಿ ಕುರಿ ಮಾರುವವನೂ ನಿಮ್ಮಷ್ಟು ಲೆಕ್ಕ ಹಾಕುವುದಿಲ್ಲ. ಎರಡು ಸಲ ಕರೆದಳು. ನಾನು ಇಲ್ಲಿ ಬಾರ್ಲಿ ಹುರಿಯುತ್ತಿದ್ದೆ, ಬಟ್ಟೆ ಒಗೆಯುತ್ತಿದ್ದೆ, ಏನು ಮಾಡುತ್ತಿದ್ದೆನೋ ದೇವರೇ ಬಲ್ಲ.

ಆದರೂ ಕಳಿಸಲು ಹೊರಟಿದ್ದೆ. ನಂಬಿದರೆ ನಂಬಿ. ನೀವು ಹೇಳಿದ ಹಾಗೆ ಎರಡು ಹಲಗೆಯ ನಡುವೆ ಇಟ್ಟು ಕಟ್ಟಿದೆ. ಆಗ ಲ್ಹುಂಡ್ರುಪ್ ಅಜ್ಜ ಹುರಿ ಕೊಳ್ಳಲು ಬಂದರು. ಈ ಊರಿನಲ್ಲಿ ದೇವರ ಪಟ ಹೊಲಿಯುವವರು ಅವರೊಬ್ಬರೇ, ನನ್ನ ಹುರಿ ಬಿಟ್ಟು ಬೇರೆಯವರದು ಮುಟ್ಟುವುದಿಲ್ಲ. ಹಲಗೆ ನೋಡಿ ಏನೇ ಅದು ಎಂದರು. ಬಿಚ್ಚಿ ತೋರಿಸಿದೆ. ಬಗ್ಗಿ ಹತ್ತಿರದಿಂದ ನೋಡಿದರು. ಆಮೇಲೆ ತಲೆಯ ಟೋಪಿ ತೆಗೆದರು.

"ಯಾರ ಕೈ ಇದು?" ಅಂದರು.

"ನಂದೇ" ಅಂದೆ.

"ನೀನಾ! ಇಷ್ಟು ವರ್ಷ ಬರೀ ಹುರಿ ಸುತ್ತಿಸ್ಕೊಂಡೆನಲ್ಲೇ ನಿನ್ ಹತ್ರ, ನನ್ ಬುದ್ಧಿಗಿಷ್ಟು" ಅಂದರು. ಅವರ ಹತ್ತಿರವೂ ಬಿಳಿ ತಾರಾದೇವಿಯ ಕೆಲಸವಿತ್ತು. ಬೆಣ್ಣೆ ಮಾರುವವಳೊಬ್ಬಳ ತಾಯಿ ಹೋದ ತಿಂಗಳ ಹಿಂದಿನ ತಿಂಗಳು ಸತ್ತಿದ್ದಳು, ನಲವತ್ತೊಂಬತ್ತಕ್ಕೆ ಆರು ದಿನ ಉಳಿದಿತ್ತು. ಅವರು ತಾವು ಹೊಲಿದ ಮುಖ ಮನಸ್ಸಿಗೆ ಬಂದಿಲ್ಲ ಎಂದರು. "ಇದನ್ನ ಕೊಡ್ತೀಯಾ ತಾಯಿ? ನೀನೇ ಬಂದು ಕೂರಿಸಿಕೊಡು. ಕೇಳಿದೋರಿಗೆ ಯುಡೋನ್ ಹೊಲಿದಿದ್ದು ಅಂತೀನಿ, ನಂಗೇನು ಭಯ?" ಅಂದರು.

ಅವರು ಕೇಳಿದರು. ಅಷ್ಟೇ ಪಾಲಾ. ಎಂಬತ್ತು ವರ್ಷದ ಮುದುಕರು, ನನಗೆ ಏನೂ ಆಗಬೇಕಾದವರಲ್ಲ, ಟೋಪಿ ಕೈಯಲ್ಲಿ ಹಿಡಿದು ಕೇಳಿದರು.

ನಾನು ಕೊಟ್ಟೆ. ಅವರ ಅಂಗಳದಲ್ಲಿ, ಬಿಸಿಲಲ್ಲಿ, ಬಂದುಹೋಗುವವರೆಲ್ಲರ ಎದುರು ಕೂತು ಹೊಲಿದೆ. ಮುಖ ಅವರ ಪಟಕ್ಕೆ ಅರ್ಧ ಬೆರಳು ದೊಡ್ಡದಾಯಿತು. ಕೂದಲನ್ನು ಸ್ವಲ್ಪ ಹಿಂದೆ ಸರಿಸಿ ಹೊಂದಿಸಿದೆ. ಇವತ್ತು ಬೆಳಗ್ಗೆ ಲಾಮಾ ಪಟದ ಹಿಂದೆ ಮಂತ್ರದ ಅಕ್ಷರ ಬರೆದು ಕಣ್ಣು ತೆರೆಸಿದರು. ಬೆಣ್ಣೆ ಮಾರುವವಳು ನನ್ನ ಕಾಲು ಹಿಡಿದುಕೊಂಡು ಅತ್ತಳು. ಕಣ್ಣು ತೆರೆದ ಪಟಕ್ಕೆ ಕತ್ತರಿ ಹಚ್ಚುವುದು ಜೀವಕ್ಕೆ ಕತ್ತರಿ ಹಚ್ಚಿದ ಹಾಗೆ ಎಂದು ನೀವೇ ಕಲಿಸಿದ್ದೀರಿ. ಇನ್ನು ಅದನ್ನು ಯಾರೂ ಬಿಚ್ಚುವಂತಿಲ್ಲ, ನಾನೂ.

ಆಮಾಲಾಗೆ ವಾಂಗ್ದು ಹೊಲಿದ ಮುಖ ಇದೆಯಲ್ಲ, ಅಳತೆಯಲ್ಲಿ ತಪ್ಪಿಲ್ಲ ಎಂದಿದ್ದೀರಿ. ಅದನ್ನೇ ಇಟ್ಟುಕೊಳ್ಳಿ. ಹೆಸರು ಹೇಳುವ ತಾಪತ್ರಯವೂ ಇಲ್ಲ.

ಯುಡೋನ್


ಲ್ಹಾಸಾ
ಒಂಬತ್ತನೇ ತಿಂಗಳು, ಇಪ್ಪತ್ತೇಳನೇ ದಿನ

ಯುಡೋನ್‌ಗೆ,

ಅಕ್ಷರ ಸೊಟ್ಟಗಿದ್ದರೆ ಸುಧಾರಿಸಿಕೊಂಡು ಓದು. ವಾಂಗ್ದು ಬರೆದು ಕೊಡುತ್ತೇನೆ ಎಂದ, ಬೇಡ ಎಂದೆ.

ಇಪ್ಪತ್ತೊಂದಕ್ಕೆ ಏನಾಯಿತು ಎಂದು ನಿನಗೆ ತಿಳಿಯಬೇಕು.

ಮೊದಲು ಒಂದು ಮಾತು. ಬೆರಳಿಗೆ ಚಳಿ ಹಿಡಿದಿದೆ ಎಂದು ಬರೆದಿದ್ದೆ. ಸುಳ್ಳು. ನನ್ನ ಬಲಗೈ ಸತ್ತು ನಾಲ್ಕು ವರ್ಷವಾಯಿತು. ಕತ್ತರಿ, ಲೇಖನಿ ಹೇಗೋ ಹಿಡಿಯುತ್ತದೆ, ಸೂಜಿ ಹಿಡಿಯುವುದಿಲ್ಲ. ನಾಲ್ಕು ವರ್ಷದಿಂದ ಈ ಮನೆಯಿಂದ ಹೊರಟ ದೇವರ ಮುಖಗಳನ್ನೆಲ್ಲ ಹೊಲಿದದ್ದು ನಿನ್ನ ತಾಯಿ. ಕೆಲಸಗಾರರು ಮನೆಗೆ ಹೋದ ಮೇಲೆ ಬಾಗಿಲು ಹಾಕಿಕೊಂಡು ಹೊಲಿಯುತ್ತಿದ್ದಳು. ನಾನು ದೀಪ ಹಿಡಿಯುತ್ತಿದ್ದೆ. ಬೆಳಗ್ಗೆ ನನ್ನ ಕೆಲಸ ಎಂದು ತೋರಿಸುತ್ತಿದ್ದೆ. ಒಂದು ದಿನ ಅವಳು, "ಇದೇ ಕೆಲಸಕ್ಕಲ್ವಾ ಹುಡುಗೀನ ಓಡಿಸಿದ್ದು?" ಅಂದಳು. ನಾನು ದೀಪದ ಬತ್ತಿ ಸರಿ ಮಾಡಿದೆ. ಮತ್ತೆ ಅವಳು ಆ ಮಾತು ಎತ್ತಲಿಲ್ಲ.

ನಿನಗೆ ಐದನೇ ದಿನ ಆ ಪತ್ರ ಬರೆದು ಕಳಿಸಿದ ಮೇಲೆ ನನಗೆ ಅನ್ನ ಸೇರಲಿಲ್ಲ. ಬರುವುದು ಬೇಡ ಎಂದು ಬರೆದದ್ದು ಮನಸ್ಸಿನಲ್ಲಿ ಕುಟುಕುತ್ತಿತ್ತು. ಆದರೆ ಮುಖ ಕಳಿಸುತ್ತೀಯ ಎನ್ನುವುದರಲ್ಲಿ ಅನುಮಾನವಿರಲಿಲ್ಲ. ನೀನು ನನ್ನ ಮೇಲೆ ಹಲ್ಲು ಕಡಿಯುತ್ತೀಯ, ತಾಯಿಯ ವಿಷಯದಲ್ಲಿ ಹಾಗೆ ಮಾಡುವವಳಲ್ಲ ಎಂದುಕೊಂಡೆ. ಹದಿನಾಲ್ಕನೇ ದಿನ ವಾಂಗ್ದು ಹೊಲಿದ ಮುಖ ಬಿಚ್ಚಿಸಿದೆ. ನಿನ್ನದು ಬಂದ ಕೂಡಲೇ ಕೂರಿಸಲು ಜಾಗ ಸಿದ್ಧವಿರಲಿ ಎಂದು. ಬಿಚ್ಚುವಾಗ ಅವನು, "ಇನ್ನೊಂದು ನಾಲ್ಕು ದಿನ ನೋಡಿ ಬಿಚ್ಚೋಣ ಪಾಲಾ" ಅಂದ. ನಾನು ಅವನಿಗೆ ಬೈದೆ. ರೇಷ್ಮೆ ಚಿಂದಿಯಾಯಿತು, ಮತ್ತೆ ಕೂರಿಸುವ ಹಾಗಿರಲಿಲ್ಲ.

ಆಮೇಲೆ ದಿನಾ ಅಂಚೆಯವನ ದಾರಿ ಕಾಯ್ದೆವು. ಹತ್ತೊಂಬತ್ತಕ್ಕೆ ವಾಂಗ್ದು ಹೊಸ ಮುಖ ಶುರು ಮಾಡಲೇ ಎಂದ. ಬೇಡ, ಬರುತ್ತದೆ ಎಂದೆ.

ಇಪ್ಪತ್ತೊಂದು. ಲಾಮಾ ಬೆಳಗ್ಗೆಯೇ ಬಂದರು. ಸಂಘದವರು, ನೆಂಟರು, ಅಕ್ಕಪಕ್ಕದವರು, ನಲವತ್ತು ಜನವಿದ್ದರು. ಪಟ ತೂಗು ಹಾಕಿತ್ತು. ಕಿರೀಟ ಇದೆ, ಕಿವಿಯ ಓಲೆ ಇದೆ, ನಡುವೆ ಬರೀ ಅಸ್ತರಿ. ಸಂಘದ ಹಿರಿಯರು, "ಏನಪ್ಪ ರಬ್ಗ್ಯೆ, ನಿನ್ ಹೆಂಡ್ತಿಗೆ ನೀನೇ ಮುಖ ಬಾಕಿ ಇಟ್ಕೊಂಡ್ಯಲ್ಲ" ಅಂದರು. ಕೆಲವರು ನಕ್ಕರು. ನಾನು ಎದ್ದು ನಿಂತೆ. ಯಾಕೆ ಎದ್ದೆನೋ ಗೊತ್ತಿಲ್ಲ. ನನ್ನ ಕೈ ಸತ್ತು ನಾಲ್ಕು ವರ್ಷವಾಯಿತು ಎಂದೆ. ನೀವು ಮಠಗಳಲ್ಲಿ ಕೈಮುಗಿದ ಮುಖಗಳನ್ನು ಹೊಲಿದದ್ದು ಇವಳು, ಸತ್ತವಳು, ಎಂದೆ. ಹನ್ನೊಂದು ವರ್ಷದ ಹಿಂದಿನ ಭೈಷಜ್ಯಗುರು ನನ್ನ ಮಗಳ ಕೈ ಎಂದೆ. ಈ ತಾರಾದೇವಿಯ ಮುಖವೂ ಅವಳದೇ, ಯುಡೋನ್ ಹೊಲಿದದ್ದು, ಗ್ಯಾಂಟ್ಸೆಯಿಂದ ಬರುತ್ತಿದೆ, ಇನ್ನೇನು ಬಂತು ಎಂದೆ.

ಲಾಮಾ, "ಬರ್ಲಿ, ಕಾಯೋಣ" ಅಂದರು. ಮಂತ್ರ ಹೇಳುತ್ತ ಕೂತರು.

ಮಧ್ಯಾಹ್ನ ದಾಟಿದ ಮೇಲೆ ಅಂಚೆಯವನ ಗೆಜ್ಜೆಯ ಸದ್ದು ಕೇಳಿಸಿತು. ಸದ್ಯಕ್ಕೆ ಕಚ್ಚಾ ಹೊಲಿಗೆಯಲ್ಲಾದರೂ ಕೂರಿಸೋಣ ಎಂದು ವಾಂಗ್ದು ಸೂಜಿಗೆ ದಾರ ಏರಿಸಿ ಇಟ್ಟುಕೊಂಡಿದ್ದ. ಅಂಚೆಯವನು ನನ್ನ ಕೈಗೆ ಕೊಟ್ಟದ್ದು ಒಂದು ಕಾಗದ. ಹಲಗೆ ಎಲ್ಲಿ ಎಂದು ಕೇಳಿದೆ. "ಇಷ್ಟೇ ಅಜ್ಜಾ ಇರೋದು" ಅಂದ. ಹಿಂದೆ ಬರುತ್ತಿರಬೇಕು, ನೀನೇ ತರುತ್ತಿರಬೇಕು ಎಂದುಕೊಂಡು ನಲವತ್ತು ಜನರ ಎದುರು ಅದನ್ನು ಬಿಚ್ಚಿದೆ. ಗಟ್ಟಿಯಾಗಿ ಓದು ಎಂದರು ಯಾರೋ. ನನ್ನೊಳಗೇ ಓದಿಕೊಂಡೆ.

ಕಣ್ಣಿಲ್ಲದ ಪಟಕ್ಕೆ ಕಣ್ಣು ತೆರೆಸುವುದು ಹೇಗೆ ಎಂದರು ಲಾಮಾ. ಅವರದು ತಪ್ಪಲ್ಲ. ಸಂಜೆಯವರೆಗೆ ಮಂತ್ರ ಹೇಳಿ, ಕೊಟ್ಟ ಚಹಾ ಕುಡಿಯದೆ ಎದ್ದು ಹೋದರು. ಅಂಗೈಯಲ್ಲಿ, ಅಂಗಾಲಿನಲ್ಲಿ ನಾಲ್ಕು ಕಣ್ಣು ಬಿಟ್ಟುಕೊಂಡು ಪಟ ಹಾಗೆಯೇ ನೇತಾಡುತ್ತಿತ್ತು.

ಹದಿನಾಲ್ಕಕ್ಕೇ ನಿನಗೆ ಬರೆಯಬಹುದಿತ್ತು, ಬಾ ಎಂದು. ಬರೆಯಲು ಕೂತಿದ್ದೆ ಕೂಡ. ಮುಖ ಬರಲಿ, ಆಮೇಲೆ ಬರೆದರಾಯಿತು ಎಂದುಕೊಂಡೆ.

ಮಠದವರು ಕೊಟ್ಟಿದ್ದ ಎರಡು ಕೆಲಸ ವಾಪಸು ತೆಗೆದುಕೊಂಡು ಹೋದರು. ಕೆಲಸಗಾರರಲ್ಲಿ ಆರು ಜನ ಬಿಟ್ಟರು. ಅದಕ್ಕೆ ನಿನ್ನನ್ನು ದೂರುವುದಿಲ್ಲ, ನನ್ನ ಬಾಯಿಂದಲೇ ಬಂದದ್ದು. ನಿನ್ನ ತಾಯಿಗೆ ಮಾಡಿದ್ದಕ್ಕೆ ಮಾತ್ರ ನಿನ್ನನ್ನು ದೂರುತ್ತೇನೆ. ನನ್ನನ್ನೂ.

ಉತ್ತರ ಬರೆಯಬೇಕೆಂದೇನಿಲ್ಲ.

ನಿನ್ನ ಅಪ್ಪ,
ರಬ್ಗ್ಯೆ


ಗ್ಯಾಂಟ್ಸೆ
ಹನ್ನೊಂದನೇ ತಿಂಗಳು, ಹದಿನೆಂಟನೇ ದಿನ

ಪಾಲಾ ಅವರಿಗೆ,

ನಿಮ್ಮ ಪತ್ರ ಬಂದು ಒಂದೂವರೆ ತಿಂಗಳಾಯಿತು. ಐದು ಸಲ ಉತ್ತರ ಬರೆದು ಒಲೆಗೆ ಹಾಕಿದೆ. ಒಂದರಲ್ಲಿ ನಿಮಗೆ ಬೈದಿದ್ದೆ. ಒಂದರಲ್ಲಿ ನನ್ನದೇನೂ ತಪ್ಪಿಲ್ಲ ಎಂದು ಬರೆದಿದ್ದೆ. ಅದನ್ನು ಓದಿ ಫುರ್ಬು ಎದ್ದು ಹೊರಗೆ ಹೋದ. ಅವನು ನನಗೆ ಬೆನ್ನು ತೋರಿಸಿದ್ದು ಈ ಹನ್ನೊಂದು ವರ್ಷದಲ್ಲಿ ಅದೇ ಮೊದಲು.

ನೀವು ಹೇಳಿದಿರಿ. ನಲವತ್ತು ಜನರ ಎದುರು ನನ್ನ ಹೆಸರು ಹೇಳಿದಿರಿ. ಹತ್ತೊಂಬತ್ತು ವರ್ಷದವಳಿದ್ದಾಗಿನಿಂದ ಯಾವ ಮಾತಿಗೆ ಕಾದಿದ್ದೆನೋ ಆ ಮಾತು ಹೇಳಿದಿರಿ. ನೀವು ಹೇಳುತ್ತಿದ್ದಾಗ ನನ್ನ ಪತ್ರ ಊರ ಬಾಗಿಲಲ್ಲಿತ್ತು. ಆರು ದಿನ ಬೇಕೆಂದೇ ತಡೆದು, ಸರಿಯಾಗಿ ಆ ದಿನವೇ ತಲುಪಲಿ ಎಂದು ಲೆಕ್ಕ ಹಾಕಿ ಕಳಿಸಿದ್ದೆ ಪಾಲಾ. ಅದನ್ನು ನಿಮಗೆ ಹೇಳದೆ ಇರಬಹುದಿತ್ತು. ನಿಮಗೆ ಉರಿಯಲಿ ಎಂದು ಮಾಡಿದೆ. ಆಮಾಲಾ ನಡುವೆ ನಿಂತಿದ್ದಾಳೆ ಎಂದು ತೋಚಲಿಲ್ಲ. ಇಲ್ಲ, ತೋಚಿತ್ತು. ಆದರೂ ಮಾಡಿದೆ.

ನಿಮ್ಮ ಮೇಲೂ ನನಗೆ ಸಿಟ್ಟು ಹೋಗಿಲ್ಲ. ಹದಿನಾಲ್ಕಕ್ಕೆ ಬರೆಯಲು ಕೂತವರು ಬರೆಯಬೇಕಿತ್ತು. ಅವಳಿಂದ ನಾಲ್ಕು ವರ್ಷ ಕದ್ದು ಹೊಲಿಸುವಾಗ ನನ್ನನ್ನು ಒಂದು ಸಲ ಕರೆಸಬೇಕಿತ್ತು. ಕರೆಸಿದ್ದರೆ ಅವಳು ನನ್ನ ಪಕ್ಕದಲ್ಲಿ ಕೂತು ಹೊಲಿಯುತ್ತಿದ್ದಳು. ಕೊನೆಗೆ ಹೆಸರು ಹಿಡಿದು ಕರೆದಾಗ ಅಡುಗೆಮನೆಯಿಂದ ಎದ್ದು ಬಂದು ಏನಮ್ಮಾ ಎನ್ನುತ್ತಿದ್ದೆ.

ಮೊನ್ನೆ ಬೆಣ್ಣೆಯವಳ ಮನೆಗೆ ಹೋಗಿದ್ದೆ. "ನಮ್ಮಮ್ಮನ ದೇವಿ ನೋಡೋಕ್ ಬಂದ್ರಾ? ಬನ್ನಿ ಬನ್ನಿ, ನೀವು ಯಾವಾಗ್ ಬೇಕಾದ್ರೂ ಬರ್ಬಹುದು" ಎಂದು ಒಳಗೆ ಕರೆದು ದೀಪ ಹಚ್ಚಿದಳು. ನಿಂತು ನೋಡಿದೆ. ಕೆಲಸ ಚೆನ್ನಾಗಿದೆ. ಕೈ ಮುಗಿಯಲಾಗಲಿಲ್ಲ. ಚಹಾ ಕೊಟ್ಟಳು, ಕುಡಿದು ಬಂದೆ.

ಫುರ್ಬು ಲ್ಹಾಸಾಕ್ಕೆ ಹೋಗಿ ಬಾ ಎನ್ನುತ್ತಾನೆ. ಬಂದರೆ ನೀವು ಬಾಗಿಲು ಹಾಕುವುದಿಲ್ಲ ಎಂದು ಈಗ ಗೊತ್ತು. ಇನ್ನೊಂದು ಮುಖ ಹೊಲಿಯಲು ನನಗೆ ಹದಿಮೂರು ದಿನ ಸಾಕು. ಹೊಲಿದು ತಂದು ಯಾರಿಗೆ ಕೊಡಲಿ? ನಲವತ್ತೊಂಬತ್ತು ದಾಟಿ ಎರಡು ತಿಂಗಳಾಗುತ್ತ ಬಂತು. ಅವಳು ಈಗ ಎಲ್ಲೋ, ಮರುಹುಟ್ಟಿಗೆ ಯಾವುದೋ ಹೊಟ್ಟೆಯಲ್ಲಿ, ಕತ್ತಲೆಯಲ್ಲಿ ತಡಕಾಡಿಕೊಂಡು ಹೋಗಿ ಸೇರಿರುತ್ತಾಳೆ. ಎಷ್ಟೋ ಜನರ ಸತ್ತ ತಾಯಂದಿರಿಗೆ ಅವಳು ಹೊಲಿದ ದೇವರು ದಾರಿ ತೋರಿಸಿದ. ಅವಳಿಗೆ ಒಂದು ಮುಖ ಹೊಲಿದುಕೊಡಲು ಗಂಡ ಇದ್ದ, ಮಗಳಿದ್ದಳು, ಮುಖವೂ ಸಿದ್ಧವಿತ್ತು. ನಾವು ಕೊಡಲಿಲ್ಲ.

ನಾನು ಬರುವುದಿಲ್ಲ ಪಾಲಾ. ಬಂದರೆ ನಾವಿಬ್ಬರೂ ಆ ಪಟದ ಎದುರು ಕೂರಬೇಕಾಗುತ್ತದೆ.

ನಿಮ್ಮ ಮಗಳು,
ಯುಡೋನ್